ಸ್ಮಾರ್ಟ್ ಮೀಟರ್ ಹಾಕಿಸಿ ಹದಿನಾಲ್ಕು ತಿಂಗಳು: ರಾತ್ರಿ ಮೂರು ಗಂಟೆಗೆ ಕರೆಂಟ್ ತಿನ್ನುತ್ತಿದ್ದದ್ದು ಯಾವುದು ಅಂತ ಈಗ ಗೊತ್ತು

ನಮ್ಮ ಮನೆಗೆ ಸ್ಮಾರ್ಟ್ ಮೀಟರ್ ಬಂದು ಹದಿನಾಲ್ಕು ತಿಂಗಳಾಯಿತು. ಮೀಟರ್, ಅದರ ಜೊತೆಗಿನ ಮೊಬೈಲ್ ಆ್ಯಪ್, ಅದರ ಹಿಂದಿರುವ ಕಂಪನಿಯ ಸೇವೆ, ಈ ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ, ಯಾಕಂದ್ರೆ ಒಂದು ಕೈಕೊಟ್ಟರೂ ಉಳಿದ ಎರಡರಿಂದ ಅರ್ಧ ಉಪಯೋಗ ಮಾತ್ರ. ಮೀಟರ್‌ಗೆ ಐದಕ್ಕೆ ಐದು. ಆ್ಯಪ್‌ಗೆ ಮೂರು. ಹಾಕಿದ ದಿನದ ಸೇವೆಗೆ ಎರಡು, ಆಮೇಲಿನದಕ್ಕೆ ನಾಲ್ಕು. ಕಂಪನಿ ಹೆಸರು ಹೇಳುವುದಿಲ್ಲ. ನೀವು ಯಾವ ಊರಲ್ಲಿದ್ದರೂ ನಿಮಗೆ ಬರುವ ಮೀಟರ್ ಹೆಚ್ಚು ಕಡಿಮೆ ಇಂಥದ್ದೇ ಆಗಿರುತ್ತದೆ.

ಮೊದಲು ಒಂದು ಮಾತು. ಮೀಟರ್ ಬದಲಾಯಿಸಿದ ಮಾತ್ರಕ್ಕೆ ಬಿಲ್ ಕಡಿಮೆ ಆಗಲ್ಲ. ನನಗೂ ಮೊದಲ ಎರಡು ತಿಂಗಳು ಒಂದು ಯೂನಿಟ್ ಕೂಡ ಉಳಿಯಲಿಲ್ಲ. ಉಳಿಯಲು ಶುರುವಾದದ್ದು ನಾನು ಆ್ಯಪ್‌ನಲ್ಲಿ ಬಳಕೆಯ ಗ್ರಾಫ್ ತೆರೆದು ಕೂತ ಮೇಲೆ.

ಹಳೆಯ ಮೀಟರ್ ನಮಗೆ ತಿಂಗಳಿಗೆ ಒಂದೇ ಒಂದು ಅಂಕಿ ಕೊಡುತ್ತಿತ್ತು. ಯಾರೋ ಬಂದು ನೋಡಿ ಬರೆದುಕೊಂಡು ಹೋಗುತ್ತಿದ್ದರು, ಬಿಲ್ ಬರುತ್ತಿತ್ತು, ಜಾಸ್ತಿ ಬಂತು ಅಂತ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ರೇಗುತ್ತಿದ್ದರು, ಅಷ್ಟೇ. ಅಂಗಡಿಯವನು ತಿಂಗಳ ಕೊನೆಗೆ ಬರೀ ಒಟ್ಟು ಮೊತ್ತ ಬರೆದ ಚೀಟಿ ಕೊಟ್ಟರೆ ನಾವು ಸುಮ್ನೆ ಇರುತ್ತೇವಾ? ಕರೆಂಟಿನ ವಿಷಯದಲ್ಲಿ ಮಾತ್ರ ಇಷ್ಟು ವರ್ಷ ಸುಮ್ಮನಿದ್ದೆವು. ಹೊಸ ಮೀಟರ್ ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆದಿಟ್ಟು ತಾನೇ ಕಂಪನಿಗೆ ಕಳಿಸುತ್ತದೆ. ದಿನಕ್ಕೆ 48, ತಿಂಗಳಿಗೆ ಸುಮಾರು 1440 ಅಂಕಿಗಳು. ಕೆಲವು ಕಡೆ ಕಾಲು ಗಂಟೆಗೊಮ್ಮೆ ಬರೆಯುವ ಮೀಟರ್ ಕೂಡ ಇದೆ.

ಮೀಟರ್ ಮುಂಭಾಗದಲ್ಲಿ ಸಣ್ಣ ಕೆಂಪು ಎಲ್‌ಇಡಿ ಇರುತ್ತದೆ, ಮಿಣುಕುತ್ತಾ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ 1000 ಅಂತ ಇದೆ. ಕೆಲವದರಲ್ಲಿ 3200 ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ. 1000 ಇದ್ದರೆ ಲೆಕ್ಕ ತುಂಬಾ ಸುಲಭ. 3600ನ್ನು ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 36 ಸೆಕೆಂಡಿಗೊಮ್ಮೆ ಮಿಣುಕಿದರೆ 100 ವ್ಯಾಟ್. ಎರಡು ಸೆಕೆಂಡಿಗೂ ಮೊದಲೇ ಮತ್ತೆ ಮಿಣುಕಿದರೆ ನೀರು ಕಾಯಿಸುವ ಹೀಟರೋ ಅಂಥದ್ದೇ ದೊಡ್ಡ ಉಪಕರಣವೋ ಓಡುತ್ತಿದೆ ಅಂತ ತಿಳಿಯಿರಿ. ಇದಕ್ಕೆ ಆ್ಯಪ್ ಬೇಡ, ಇಂಟರ್ನೆಟ್ ಬೇಡ, ಗಡಿಯಾರ ಸಾಕು.

ಈಗ ರಾತ್ರಿಯ ಕಥೆಗೆ ಬರುತ್ತೇನೆ, ನನಗೆ ಈ ಮೀಟರ್‌ನಿಂದ ಆದ ಅತಿ ದೊಡ್ಡ ಲಾಭ ಇದೇ. ಮೂರನೇ ತಿಂಗಳು ಒಂದು ದಿನ ಆ್ಯಪ್‌ನಲ್ಲಿ ಹಿಂದಿನ ರಾತ್ರಿ ಎರಡರಿಂದ ನಾಲ್ಕು ಗಂಟೆಯ ಗ್ರಾಫ್ ಕಂಬಗಳನ್ನು ನೋಡುತ್ತಿದ್ದೆ. ಎಲ್ಲರೂ ಮಲಗಿದ್ದೇವೆ, ದೀಪ ಆರಿದೆ, ಫ್ಯಾನ್ ಕೂಡ ಬೇಡದ ಕಾಲ. ಆದರೂ ಪ್ರತಿ ಅರ್ಧ ಗಂಟೆಗೆ 0.09 ಯೂನಿಟ್ ಹೋಗಿದೆ. ನೋಡಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಅಂದರೆ 180 ವ್ಯಾಟ್ ಸತತವಾಗಿ ಓಡುತ್ತಿದೆ. ಇಪ್ಪತ್ನಾಲ್ಕು ಗಂಟೆ, ಮೂವತ್ತು ದಿನಕ್ಕೆ ಗುಣಿಸಿ ನೋಡಿ, ಸುಮಾರು 130 ಯೂನಿಟ್. ಯಾರೂ ಏನನ್ನೂ ಬಳಸದೆ ತಿಂಗಳಿಗೆ 130 ಯೂನಿಟ್!

ಆ ರಾತ್ರಿ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತೆ. ಮಗಳು ಒಳಗೆ ಬೋರ್ಡ್ ಹತ್ತಿರ ನಿಂತು ನಾನು ಕೂಗಿದಾಗ ಒಂದೊಂದೇ ಎಂಸಿಬಿ (ಒಂದೊಂದು ಕೋಣೆಯ ಕರೆಂಟ್ ಕಡಿಯುವ ಸ್ವಿಚ್) ಇಳಿಸುತ್ತಾ ಬಂದಳು. ಮಲಗುವ ಕೋಣೆ ಇಳಿಸಿದರೆ ಏನೂ ವ್ಯತ್ಯಾಸ ಇಲ್ಲ. ಹಾಲ್ ಇಳಿಸಿದಾಗ ಮಿಣುಕು ಸ್ವಲ್ಪ ನಿಧಾನವಾಯಿತು. ಸ್ಟೋರ್ ರೂಮ್ ಇಳಿಸಿದಾಗ ಸಟ್ಟನೆ ಅಂತರ ಬಿತ್ತು, ಇನ್ನೂ ಬರಲಿಲ್ಲ, ಇನ್ನೂ ಬರಲಿಲ್ಲ ಅಂತ ಎಣಿಸುವ ಹಾಗೆ. ಅಲ್ಲಿ ನಮ್ಮ ಹಳೆಯ ಫ್ರಿಜ್ ಇತ್ತು. ಹೊಸದು ತಂದ ಮೇಲೂ ಇರಲಿ ಅಂತ ಇಟ್ಟುಕೊಂಡದ್ದು, ಒಳಗೆ ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಹರಿದು ಒಳಗೆ ಐಸ್ ಕಟ್ಟಿತ್ತು. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದೆ, ಹಿಡಿತವೇ ಇಲ್ಲದೆ ಬಂತು. ತಂಪು ಸೋರುತ್ತಾ ಇತ್ತು, ಕಂಪ್ರೆಸರ್ ಹಗಲೂ ರಾತ್ರಿ ಓಡುತ್ತಾ ಇತ್ತು. ಲೆಕ್ಕ ಹಾಕಿದರೆ ಸರಾಸರಿ 65 ವ್ಯಾಟ್ ಅದರದ್ದೇ. ಹಾಲ್‌ನಲ್ಲಿ ಸಿಕ್ಕಿದ್ದು ರಿಮೋಟ್‌ನಲ್ಲಿ ಆಫ್ ಮಾಡಿದರೂ ಬಿಸಿಯಾಗಿಯೇ ಇರುವ ಸೆಟ್‌ಟಾಪ್ ಬಾಕ್ಸ್, ಜೊತೆಗೆ ಹಳೆಯ ಆಂಪ್ಲಿಫೈಯರ್. ಅವೆರಡೂ ಸೇರಿ ಇನ್ನೊಂದು 35.

ಫ್ರಿಜ್ ಗುಜರಿಗೆ ಹೋಯಿತು. ಉಳಿದ ಎರಡಕ್ಕೆ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದೆ, ಮಲಗುವಾಗ ಅಮ್ಮ ಬಾಗಿಲು ಹಾಕಿದ ಹಾಗೆ ಅದನ್ನೂ ಆಫ್ ಮಾಡುತ್ತಾರೆ. ಈಗ ರಾತ್ರಿಯ ಕಂಬ 0.04ರಲ್ಲಿ ನಿಂತಿದೆ. ಮಿಣುಕು ಸರಾಸರಿ 20 ಸೆಕೆಂಡಿನಿಂದ 45 ಸೆಕೆಂಡಿಗೆ ಹೋಯಿತು. ತಿಂಗಳಿಗೆ 50 ಯೂನಿಟ್‌ಗಿಂತ ಜಾಸ್ತಿ ಉಳಿತಾಯ, ಯಾರೂ ಯಾವ ಸೌಕರ್ಯವನ್ನೂ ಬಿಟ್ಟುಕೊಡದೆ. ಹಳೆಯ ಮೀಟರ್‌ನಲ್ಲಿ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ, ಯಾಕಂದ್ರೆ ರಾತ್ರಿಯ ಲೆಕ್ಕ ಹಗಲಿನ ಲೆಕ್ಕದಲ್ಲಿ ಕಲಸಿ ಹೋಗುತ್ತಿತ್ತು.

ಇನ್ನೊಂದು ಸಣ್ಣದು. ಕೆಲವು ದಿನ ಗ್ರಾಫ್‌ನಲ್ಲಿ ಮೂರು ಗಂಟೆಗೊಮ್ಮೆ ಒಂದೊಂದು ಪುಟ್ಟ ಹಲ್ಲು ಕಾಣಿಸುತ್ತಿತ್ತು, ಹಗಲೂ ರಾತ್ರಿ ಒಂದೇ ಸಮ. ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಅದು ಸ್ನಾನದ ನಂತರ ಆಫ್ ಮಾಡಲು ಮರೆತ ವಾಟರ್ ಹೀಟರ್. ನೀರು ತಣ್ಣಗಾದಂತೆ ಥರ್ಮೋಸ್ಟಾಟ್ ಮತ್ತೆ ಆನ್ ಆಗಿ ನಾಲ್ಕೈದು ನಿಮಿಷ ಕಾಯಿಸಿ ನಿಲ್ಲುತ್ತದೆ. ಒಂದು ಹಲ್ಲಿಗೆ 0.15 ಯೂನಿಟ್, ದಿನಕ್ಕೆ ಏಳೆಂಟು ಹಲ್ಲು. ಯಾರೂ ಮುಟ್ಟದ ಬಿಸಿನೀರಿಗೆ ದಿನಕ್ಕೆ ಒಂದು ಯೂನಿಟ್ ಹೋಗುತ್ತಿತ್ತು. ಮನೆಯವರಿಗೆ ಹೇಳಿ ಹೇಳಿ ಸಾಕಾಗಿತ್ತು, ಗ್ರಾಫ್ ತೋರಿಸಿದ ಮೇಲೆ ಒಬ್ಬರೂ ಮರೆತಿಲ್ಲ.

ಹೊತ್ತಿಗೆ ತಕ್ಕ ದರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ನಮ್ಮದು ಸಂಜೆ ದುಬಾರಿ, ಮಧ್ಯಾಹ್ನ ಮತ್ತು ತಡರಾತ್ರಿ ಅಗ್ಗ ಇರುವ ಪ್ಲಾನ್. ಇದರ ಹಿಂದೆ ನಿಜವಾದ ಕಾರಣ ಇದೆ. ಗ್ರಿಡ್‌ನಲ್ಲಿ, ಅಂದರೆ ಸ್ಥಾವರದಿಂದ ಮನೆವರೆಗಿನ ಕರೆಂಟ್ ಜಾಲದಲ್ಲಿ, ಕರೆಂಟ್ ತಯಾರಾಗುವುದೂ ಖರ್ಚಾಗುವುದೂ ಕ್ಷಣ ಕ್ಷಣಕ್ಕೂ ಸರಿಸಮ ಇರಬೇಕು. ಸ್ವಲ್ಪ ಏರುಪೇರಾದರೂ 50 ಹರ್ಟ್ಸ್ (ಅಮೆರಿಕದಲ್ಲಿ 60) ಇರಬೇಕಾದ ಫ್ರೀಕ್ವೆನ್ಸಿ ಅಲುಗಾಡುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ, ಅದೇ ಹೊತ್ತಿಗೆ ಸೋಲಾರ್ ಮಲಗಿರುತ್ತದೆ. ಆ ಎರಡು ಮೂರು ಗಂಟೆಗೆ ಅಂತಲೇ ದುಬಾರಿ ಸ್ಥಾವರಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು, ಆ ಖರ್ಚು ಕೊನೆಗೆ ನಮ್ಮ ಬಿಲ್‌ಗೇ ಬರುತ್ತದೆ. ನಾನು ಬಟ್ಟೆ ಒಗೆಯುವ ಮೆಷಿನ್ನನ್ನು ಮಧ್ಯಾಹ್ನಕ್ಕೆ ಹಾಕಿದೆ, ಟೈಮರ್ ಇದೆ, ಕಷ್ಟ ಇಲ್ಲ. ಬೆಳಿಗ್ಗೆಯ ಬಿಸಿನೀರು ತಡರಾತ್ರಿಯ ಅಗ್ಗದ ಹೊತ್ತು ಮುಗಿಯುವ ಮೊದಲೇ ಕಾಯುತ್ತದೆ. ಅಡುಗೆ, ದೀಪ, ಮಕ್ಕಳ ಓದು ಇವನ್ನು ನಾವು ಸರಿಸಲಿಲ್ಲ, ಸರಿಸಲೂ ಬಾರದು. ದರಕ್ಕೆ ಹೆದರಿ ಸಂಜೆ ಕತ್ತಲಲ್ಲಿ ಕೂರುವ ಅಗತ್ಯ ಇಲ್ಲ, ಭಾರದ ಕೆಲಸ ಎರಡನ್ನು ಸರಿಸಿದರೆ ಹೆಚ್ಚಿನ ಲಾಭ ಬಂದುಬಿಡುತ್ತದೆ. ದಿನವಿಡೀ ಮನೆಯಲ್ಲೇ ಇರುವ ವಯಸ್ಸಾದವರು, ಹಾಸಿಗೆ ಹಿಡಿದವರು ಇರುವ ಮನೆಗೆ ಮಾತ್ರ ಈ ಪ್ಲಾನ್ ಆರಿಸುವ ಮೊದಲು ಒಂದು ತಿಂಗಳ ಗ್ರಾಫ್ ಇಟ್ಟುಕೊಂಡು ಲೆಕ್ಕ ಹಾಕಿ, ಅವರ ಬಳಕೆ ಸರಿಸಲು ಆಗದಿದ್ದರೆ ಹಳೆಯ ಒಂದೇ ದರದ ಪ್ಲಾನ್ ವಾಸಿ.

ಸಗಟು ಮಾರುಕಟ್ಟೆ ದರಕ್ಕೆ ನೇರವಾಗಿ ಜೋಡಿಸಿದ ಪ್ಲಾನ್ ಕೊಡುವ ಕಡೆ ಇನ್ನೂ ಹುಷಾರಾಗಿರಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಭಾರಿ ಚಳಿ ಬಿದ್ದು ವಿದ್ಯುತ್ ಸ್ಥಾವರಗಳು ನಿಂತಾಗ ಅಂಥ ಪ್ಲಾನ್ ಇದ್ದ ಮನೆಗಳಿಗೆ ಕೆಲವೇ ದಿನಕ್ಕೆ ಸಾವಿರಾರು ಡಾಲರ್ ಬಿಲ್ ಬಂದಿತ್ತು. ದರಕ್ಕೆ ಮೇಲ್ಮಿತಿ ಇಲ್ಲದ ಪ್ಲಾನ್‌ಗೆ ಸಹಿ ಹಾಕಬೇಡಿ.

ಕರೆಂಟ್ ಹೋದಾಗಿನ ಅನುಭವ ಪೂರ್ತಿ ಬದಲಾಗಿದೆ. ಮೊದಲು ಫೋನ್ ಮಾಡಬೇಕು, ಲೈನ್ ಬಿಜಿ ಇರುತ್ತದೆ, ಸಿಕ್ಕರೆ ಯಾವ ರಸ್ತೆ, ಯಾವ ಕಂಬ ಅಂತ ಕೇಳುತ್ತಾರೆ. ನಾವು ಹೇಳದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಮೀಟರ್ ಒಳಗೆ ಸ್ವಲ್ಪ ಹೊತ್ತಿಗೆ ಸಾಕಾಗುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್ ಇದೆ. ಕರೆಂಟ್ ಹೋದ ತಕ್ಷಣ ಮೀಟರ್ ಆ ಉಳಿದ ಶಕ್ತಿಯಲ್ಲಿ ನನಗೆ ಕರೆಂಟ್ ಹೋಯಿತು ಅಂತ ಒಂದು ಕೊನೆಯ ಸಂದೇಶ ಕಳಿಸುತ್ತದೆ. ಒಂದೇ ಮನೆಯಿಂದ ಬಂದರೆ ಆ ಮನೆಯದೇ ತೊಂದರೆ, ಇಡೀ ಬೀದಿಯಿಂದ ಬಂದರೆ ಟ್ರಾನ್ಸ್‌ಫಾರ್ಮರ್ ಅಥವಾ ಲೈನ್. ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ನಾನು ಫೋನ್ ಹುಡುಕುವಷ್ಟರಲ್ಲಿ ಎಸ್‌ಎಂಎಸ್ ಬಂತು, ನಿಮ್ಮ ಬೀದಿಯ ದೋಷ ದಾಖಲಾಗಿದೆ ಅಂತ. ಮುಕ್ಕಾಲು ಗಂಟೆಯಲ್ಲಿ ಕರೆಂಟ್ ಬಂತು. ಆಮೇಲೆ ಲೈನ್‌ಮನ್‌ಗೆ ಕೇಳಿದೆ. ಮೊದಲಾಗಿದ್ದರೆ ಆ ಮಳೆಯಲ್ಲಿ ಲೈನ್ ಉದ್ದಕ್ಕೂ ಟಾರ್ಚ್ ಹಾಕಿಕೊಂಡು ಹುಡುಕುತ್ತಾ ಹೋಗಬೇಕಿತ್ತು ಸಾರ್, ಈಗ ನೇರ ಜಾಗಕ್ಕೆ ಬಂದೆವು ಅಂದರು. ಅವರ ಜೀವಕ್ಕೂ ಇದು ಒಳ್ಳೆಯದು.

ಕಂಟ್ರೋಲ್ ರೂಮಿಗೆ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ 2003ರ ಆಗಸ್ಟ್ 14. ಅಮೆರಿಕದ ಒಹಾಯೊದಲ್ಲಿ ಹೈ ಟೆನ್ಷನ್ ಲೈನ್‌ಗಳು ಮರಗಳಿಗೆ ತಾಗಿ ಒಂದಾದ ಮೇಲೆ ಒಂದು ಟ್ರಿಪ್ ಆಗಿ ನಿಂತವು. ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಕೆಟ್ಟಿದ್ದರಿಂದ ಅಲ್ಲಿದ್ದವರಿಗೆ ಹೊತ್ತಿಗೆ ಸರಿಯಾಗಿ ತಿಳಿಯಲೇ ಇಲ್ಲ. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಅದು ದೊಡ್ಡ ಲೈನ್‌ಗಳ ಕಥೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮನೆವರೆಗಿನ ಭಾಗ ಇನ್ನೂ ಕತ್ತಲಲ್ಲೇ ಇತ್ತು, ಅಲ್ಲಿಗೆ ಕಣ್ಣು ಬಂದದ್ದು ಈ ಮೀಟರ್‌ಗಳಿಂದ.

ವೋಲ್ಟೇಜ್ ವಿಷಯವನ್ನು ಬರೆಯಲೇಬೇಕು. ಎರಡು ವರ್ಷದಿಂದ ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮಲ್ಲಿ ದೀಪ ಮಂಕಾಗುತ್ತಿತ್ತು, ಪಂಪ್ ನರಳುವ ಹಾಗೆ ಸದ್ದು ಮಾಡುತ್ತಿತ್ತು. ದೂರು ಕೊಟ್ಟರೆ ಬರುವವರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅಳೆದು, ಸರಿ ಇದೆಯಲ್ಲ, ನಿಮ್ಮ ಮನೆ ವೈರಿಂಗ್ ನೋಡಿಸಿ ಅಂತ ಹೋಗುತ್ತಿದ್ದರು. ಸ್ಮಾರ್ಟ್ ಮೀಟರ್ ವೋಲ್ಟೇಜನ್ನೂ ಬರೆದಿಡುತ್ತದೆ ಅಂತ ಗೊತ್ತಾದ ಮೇಲೆ ಮೀಟರ್‌ನ ಬಟನ್ ಒತ್ತಿ ಪ್ರತಿ ಸಂಜೆ ಅಂಕಿ ನೋಡಿದೆ, 188, 191, 187. ಯುರೋಪಿನ ಮಾನದಂಡದಲ್ಲಿ 230 ವೋಲ್ಟ್‌ಗೆ ಶೇ. 10 ಆಚೀಚೆ ಇರಬಹುದು, ಅಂದರೆ 207ಕ್ಕಿಂತ ಕೆಳಗೆ ಇಳಿಯಬಾರದು. ಒಂದು ತಿಂಗಳ ವೋಲ್ಟೇಜ್ ದಾಖಲೆ ತೆಗೆದು ಕೊಡಿ ಅಂತ ಬರೆದು ಕೊಟ್ಟೆ. ಅವರದೇ ಮೀಟರ್, ಅವರದೇ ದಾಖಲೆ, ಇಲ್ಲ ಅನ್ನಲು ಆಗಲಿಲ್ಲ. ತೆಗೆದು ನೋಡಿದಾಗ ಬೀದಿಗೆ ಬರುವ ಮೂರು ಫೇಸ್‌ಗಳಲ್ಲಿ (ಕರೆಂಟ್ ತರುವ ಮೂರು ತಂತಿಗಳಲ್ಲಿ) ನಮ್ಮ ಸಾಲಿನ ಮನೆಗಳೆಲ್ಲಾ ಒಂದೇ ಫೇಸ್ ಮೇಲೆ ಇದ್ದವು, ಉಳಿದ ಎರಡು ಫೇಸ್ ಅರ್ಧ ಖಾಲಿ. ಕೆಲವು ಮನೆಗಳನ್ನು ಬೇರೆ ಫೇಸ್‌ಗೆ ಹಾಕಿದರು, ಒಂದು ಮಧ್ಯಾಹ್ನದ ಕೆಲಸ. ಅವತ್ತು ಸಂಜೆ ಮೀಟರ್ 221 ತೋರಿಸಿತು. ಪಂಪಿನ ಸದ್ದೇ ಬದಲಾಯಿತು. ಎರಡು ವರ್ಷ ನಮ್ಮ ಮಾತಿಗೆ ಸಿಗದ ಬೆಲೆ ಮೂರು ಅಂಕಿಗೆ ಸಿಕ್ಕಿತು ಅನ್ನುವುದು ನನಗೆ ಇನ್ನೂ ಬೇಸರ ತರುತ್ತದೆ, ಆದರೆ ಸಿಕ್ಕಿತಲ್ಲ.

ಇನ್ನು ಕೊರತೆಗಳು. ಹಾಕಲು ಬಂದವರು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಹೊರಟರು. ಆ್ಯಪ್ ಹೇಗೆ, ಬಟನ್ ಒತ್ತಿದರೆ ಏನು ಕಾಣುತ್ತದೆ, ಒಂದನ್ನೂ ಹೇಳಲಿಲ್ಲ. ಹಳೆಯ ಮೀಟರ್‌ನ ಕೊನೆಯ ಅಂಕಿಯನ್ನು ನಾನೇ ಫೋಟೋ ತೆಗೆದುಕೊಂಡಿದ್ದೆ, ಅದು ಉಳಿಸಿತು, ಯಾಕಂದ್ರೆ ಮೊದಲ ಬಿಲ್‌ನಲ್ಲಿ ಆ ಅಂಕಿ ತಪ್ಪಾಗಿತ್ತು. ಫೋಟೋ ಕಳಿಸಿದ ಮೇಲೆ ಸರಿ ಮಾಡಿದರು. ನೀವೂ ದಯವಿಟ್ಟು ಹಳೆಯ ಮೀಟರ್ ಬಿಚ್ಚುವ ಮೊದಲು ಅಂಕಿ ಮತ್ತು ಸೀರಿಯಲ್ ನಂಬರ್ ಎರಡೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಐದನೇ ತಿಂಗಳು ಮೀಟರ್‌ನ ಸಿಗ್ನಲ್ ಹತ್ತು ದಿನ ಸಿಗದೆ ಅಂದಾಜು ಬಿಲ್ ಕಳಿಸಿದರು. ಮೀಟರ್ ಒಳಗೆ ಲೆಕ್ಕ ಭದ್ರವಾಗಿಯೇ ಇತ್ತು, ಸಿಗ್ನಲ್ ಬಂದ ಮೇಲೆ ಸರಿಹೋಯಿತು, ಆದರೆ ಅದನ್ನು ಕೇಳಿ ಕೇಳಿ ತಿಳಿದುಕೊಳ್ಳಬೇಕಾಯಿತು. ಆ್ಯಪ್‌ನಲ್ಲಿ ನಿನ್ನೆಯ ಲೆಕ್ಕ ಇವತ್ತು ಬರುತ್ತದೆ. ಈಗ ಏನು ಓಡುತ್ತಿದೆ ಅಂತ ನೋಡಲು ಮತ್ತೆ ಆ ಕೆಂಪು ದೀಪದ ಮುಂದೆಯೇ ನಿಲ್ಲಬೇಕು. ಬ್ರಿಟನ್‌ನಲ್ಲಿ ಮೀಟರ್ ಜೊತೆ ಮನೆಯೊಳಗೆ ಇಡುವ ಸಣ್ಣ ಪರದೆ ಕೊಡುತ್ತಾರೆ, ಈ ಕ್ಷಣದ ಬಳಕೆ ಕಾಣುತ್ತಿರುತ್ತದೆ. ಅಂಥದ್ದು ಎಲ್ಲ ಕಡೆ ಕೊಡಬೇಕು, ಆ್ಯಪ್ ಬಳಸದ ಹಿರಿಯರಿಗೆ ಅದೇ ಸರಿ.

ಹೊಸ ಮೀಟರ್ ಜೋರಾಗಿ ಓಡುತ್ತದೆ, ಜಾಸ್ತಿ ತೋರಿಸುತ್ತದೆ ಅನ್ನುವ ಭಯದ ಬಗ್ಗೆ. ತಿರುಗುವ ಡಿಸ್ಕ್ ಇದ್ದ ಹಳೆಯ ಮೀಟರ್‌ಗಳು ಸವೆದು ನಿಧಾನವಾಗಿರುವುದು ಉಂಟು, ಆಗ ಹೊಸದು ಸರಿಯಾಗಿ ತೋರಿಸಿದರೂ ಜಾಸ್ತಿ ಬಂದ ಹಾಗೆ ಕಾಣುತ್ತದೆ. ಆದರೆ ಭಯಕ್ಕೆ ಆಧಾರವೇ ಇಲ್ಲ ಅಂತಲೂ ಹೇಳಲಾರೆ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಲ್ಯಾಬ್‌ನಲ್ಲಿ ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳಿಗೆ ಡಿಮ್ಮರ್ (ಬೆಳಕು ತಗ್ಗಿಸುವ ಸ್ವಿಚ್) ಹಾಕಿದ ಬಲ್ಬ್‌ಗಳಂಥ, ಕರೆಂಟನ್ನು ತುಂಡು ತುಂಡಾಗಿ ಎಳೆಯುವ ಲೋಡ್ ಕೊಟ್ಟು ನೋಡಿದಾಗ ಒಂದು ಮೀಟರ್ ಶೇ. 582ರಷ್ಟು ಜಾಸ್ತಿ ತೋರಿಸಿತ್ತು. ಅದು ಸಾಮಾನ್ಯ ಮನೆಯ ಸ್ಥಿತಿ ಅಲ್ಲ. ಆದರೂ ಅನುಮಾನ ಬಂದರೆ ಪಕ್ಕದಲ್ಲಿ ಚೆಕ್ ಮೀಟರ್ (ಹೋಲಿಸಿ ನೋಡಲು ಇನ್ನೊಂದು ಮೀಟರ್) ಹಾಕಿ ಅಂತ ಕೇಳಿ, ಎರಡೂ ಕೆಲವು ದಿನ ಒಟ್ಟಿಗೆ ಓಡಲಿ. ನಾನು ಕೇಳಿ ಹಾಕಿಸಿದೆ, ವಾರದ ಕೊನೆಗೆ ಎರಡರ ಅಂಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಮನಸ್ಸು ನಿರಾಳವಾಯಿತು.

ಖಾಸಗಿತನದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲ್ಲ. ನನ್ನ ಗ್ರಾಫ್ ನೋಡಿದರೆ ನಾವು ಯಾವಾಗ ಏಳುತ್ತೇವೆ, ಯಾವ ದಿನ ಮನೆಗೆ ಬೀಗ ಹಾಕಿದ್ದೆವು, ಎಲ್ಲಾ ಯಾರಿಗಾದರೂ ಗೊತ್ತಾಗುತ್ತದೆ. ಇದೇ ಕಾರಣಕ್ಕೆ 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೇಲ್ಮನೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು ಒಪ್ಪಲಿಲ್ಲ, ಆಮೇಲೆ ಬೇಡ ಅನ್ನುವ ಹಕ್ಕನ್ನು ಜನರಿಗೆ ಕೊಟ್ಟು ಕಾನೂನು ತಿದ್ದಿದರು. ನಾನು ನಮ್ಮ ಕಂಪನಿಗೆ ಮೂರು ಪ್ರಶ್ನೆ ಬರೆದು ಕೇಳಿದೆ: ಅರ್ಧ ಗಂಟೆಯ ಲೆಕ್ಕ ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ, ನನಗೆ ಪೂರ್ತಿ ಪ್ರತಿ ಕೊಡುತ್ತೀರಾ. ಮೊದಲ ಎರಡಕ್ಕೆ ಲಿಖಿತ ಉತ್ತರ ಬಂತು. ಮೂರನೆಯದಕ್ಕೆ ಇನ್ನೂ ಬಂದಿಲ್ಲ, ಅದಕ್ಕೇ ಆ್ಯಪ್‌ಗೆ ಎರಡು ಅಂಕ ಕಡಿಮೆ ಕೊಟ್ಟಿದ್ದು. ನನ್ನ ಮನೆಯ ಲೆಕ್ಕವನ್ನು ನಾನೇ ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಬಟನ್ ಬೇಕು, ಅಷ್ಟೇ ಕೇಳುತ್ತಿರುವುದು. ದೂರದಿಂದಲೇ ಕರೆಂಟ್ ಕತ್ತರಿಸುವ ಸ್ವಿಚ್ ಕೂಡ ಈ ಮೀಟರ್‌ನಲ್ಲಿ ಇರುತ್ತದೆ. ಪ್ರಿಪೇಯ್ಡ್ ತೆಗೆದುಕೊಳ್ಳುವವರು ಹಣ ಮುಗಿದರೆ ರಾತ್ರಿ ಹೊತ್ತು ಮತ್ತು ರಜಾದಿನ ಕತ್ತರಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥದ್ದು ಇದ್ದರೆ ಅದನ್ನು ಕಂಪನಿಯಲ್ಲಿ ಬರೆಸಿ ಇಡಿ.

ಇಂಥ ಮೀಟರ್, ಸಂಕೇತಗಳ ಸಹಾಯದಿಂದ ಕರೆಂಟ್ ಜಾಲ ನಡೆಸುವ ಸ್ಮಾರ್ಟ್ ಗ್ರಿಡ್ ಅಂದರೆ ನಿನ್ನೆ ಮೊನ್ನೆ ಬಂದ ಪ್ರಯೋಗ ಅಂದುಕೊಂಡವರಿಗೆ ಒಂದು ಮಾಹಿತಿ. ನ್ಯೂಜಿಲೆಂಡ್‌ನಲ್ಲಿ 1950ರ ದಶಕದಿಂದಲೇ ಕರೆಂಟ್ ಲೈನ್ ಮೂಲಕವೇ ಸಂಕೇತ ಕಳಿಸಿ ಮನೆಗಳ ವಾಟರ್ ಹೀಟರ್‌ಗಳನ್ನು ಒತ್ತಡದ ಹೊತ್ತಲ್ಲಿ ಆಫ್ ಮಾಡುತ್ತಾ ಬಂದಿದ್ದಾರೆ. ಟ್ಯಾಂಕ್‌ನಲ್ಲಿ ಬಿಸಿನೀರು ಉಳಿದೇ ಇರುವುದರಿಂದ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಇಟಲಿಯಲ್ಲಿ 2001ರಲ್ಲೇ ಶುರು ಮಾಡಿ ಕೆಲವೇ ವರ್ಷದಲ್ಲಿ ಸುಮಾರು 3 ಕೋಟಿ ಮನೆಗಳಿಗೆ ಇಂಥ ಮೀಟರ್ ಹಾಕಿದರು.

ನಮ್ಮ ಕಂಪನಿಯೂ ಈಗ ವಾಟರ್ ಹೀಟರ್‌ಗೆ ಅಂಥದ್ದೇ ಒಂದು ರಿಲೇ (ದೂರದಿಂದ ಆನ್-ಆಫ್ ಮಾಡುವ ಸ್ವಿಚ್) ಹಾಕಿಕೊಡುತ್ತೇವೆ, ಒಪ್ಪಿದವರಿಗೆ ಬಿಲ್‌ನಲ್ಲಿ ರಿಯಾಯಿತಿ ಇದೆ ಅಂತ ಕೇಳಿದೆ. ಬೇಕಾದಾಗ ನಾನೇ ಆನ್ ಮಾಡಿಕೊಳ್ಳುವ ಸ್ವಿಚ್ ಇರಬೇಕು, ಅದನ್ನು ಕಾಗದದಲ್ಲಿ ಬರೆದು ಕೊಡಬೇಕು ಅಂದೆ, ಒಪ್ಪಿದರು. ಮುಂದಿನ ತಿಂಗಳು ಹಾಕಲು ಬರುತ್ತಾರೆ. ಆರು ತಿಂಗಳು ಬಳಸಿದ ಮೇಲೆ ಗ್ರಾಫ್‌ನ ಸಂಜೆಯ ಕಂಬಗಳು ಎಷ್ಟು ಇಳಿದವು, ಬಿಸಿನೀರಿಗೆ ಒಂದು ದಿನವಾದರೂ ತೊಂದರೆ ಆಯಿತಾ ಅನ್ನುವುದನ್ನು ಅಂಕಿ ಸಮೇತ ಬರೆಯುತ್ತೇನೆ.